ನಾಲ್ಕನೇ ತೊಟ್ಟಿಯ ಹೆಪ್ಪು

ಕಲ್ಲೋಣಗಿಯ ಒಲೆಗಳಲ್ಲಿ ಬೆಂಕಿ ಕಾಣುತ್ತಿರಲಿಲ್ಲ. ಕಾಣದಿದ್ದರೂ ಸುಡುವುದನ್ನು ಮಾತ್ರ ಮರೆತಿರಲಿಲ್ಲ. ಊರಿಗೆ ಈ ಹೊಸ ಗ್ಯಾಸು ಬಂದ ಮೊದಲ ವರ್ಷ ಅರ್ಧ ಊರಿನ ಹೆಂಗಸರ ಸೆರಗು ತೂತಾಗಿತ್ತು. ಆಮೇಲೆ ಯಾವಳೋ ಪುಣ್ಯಾತ್ಗಿತ್ತಿ ಒಲೆಯ ಮೇಲೆ ಚಿಟಿಕೆ ಉಪ್ಪು ಉದುರಿಸಿ ನೋಡಿದಳು. ಉಪ್ಪು ಬಿದ್ದ ಕೂಡಲೇ ಉರಿ ಹಳದಿಯಾಗಿ ಎದ್ದು ಕಂಡಿತು. ಅಂದಿನಿಂದ ಒಲೆ ಹಚ್ಚುವಾಗ ಉಪ್ಪು ಹಾಕಿ ನೋಡುವುದು ಊರಿನ ರೂಢಿಯಾಯಿತು. ವಿಜ್ಞಾನಿಗಳು ಆರು ತಿಂಗಳು ಸಭೆ ಮಾಡಿ ಹುಡುಕಲಾರದ್ದನ್ನು ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಾ ಹುಡುಕಿದ್ದಳು.

ಜನ ಅದನ್ನು ನೀರಿನ ಗ್ಯಾಸು ಎನ್ನುತ್ತಿದ್ದರು. ಪುಸ್ತಕದ ಹೆಸರು ಜಲಜನಕ. ಉರಿದರೆ ನೀರಿನ ಆವಿ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಹೊಗೆಯಿಲ್ಲ, ಮಸಿಯಿಲ್ಲ, ಕಣ್ಣುರಿಯಿಲ್ಲ. ಹಾಗಾಗಿ ಊರಿನವರು ಅಡುಗೆಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಬಿಟ್ಟರು. ಮುಚ್ಚದೆ ಏನು ಮಾಡಿಯಾರು? ಊರ ನೆತ್ತಿಯ ಮೇಲೇ ಸಿಮೆಂಟು ಕಾರ್ಖಾನೆ. ಕಿಟಕಿ ತೆರೆದರೆ ಸಾರಿನ ಮೇಲೆ ಬೂದು ಧೂಳಿನ ಕೆನೆ ಕಟ್ಟುತ್ತಿತ್ತು. ಏಳು ವರ್ಷದಲ್ಲಿ ಕಿಟಕಿಗಳ ಸಂದಿಗೆ ಸುಣ್ಣ ಮೆತ್ತಿ, ಹೊಗೆಗೂಡುಗಳಿಗೆ ಕಲ್ಲು ಕಟ್ಟಿ, ಊರೇ ಒಂದು ಮುಚ್ಚಿದ ಡಬ್ಬಿಯಾಯಿತು. ಒಳಗೆ ಗೋಡೆಗಳು ಬೆವರುತ್ತಿದ್ದವು, ಅಷ್ಟೇ. ದಿನಕ್ಕೆರಡು ಸಲ ಅರಿವೆಯಿಂದ ಗೋಡೆ ಒರೆಸುವುದು ಹೊಸ ಸೊಸೆಯಂದಿರ ಪಾಲಿಗೆ ಬಂದ ಹೊಸ ಕೆಲಸ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸಲು ಶಾಲೆಯ ಮಾಸ್ತರರು ಪೇಚಾಡುತ್ತಿದ್ದರು.

ಈ ಗ್ಯಾಸನ್ನು ತಯಾರಿಸುತ್ತಿದ್ದುದು ಯಂತ್ರವಲ್ಲ, ಜೀವ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಎಲ್ಲೋ ಕುದಿಯುವ ಬಿಸಿನೀರಿನ ಬುಗ್ಗೆಯಲ್ಲಿ ಹುಟ್ಟಿ ಬೆಳೆದವುಗಳನ್ನು ತಂದು ಕಾರ್ಖಾನೆಯ ಮಗ್ಗುಲಲ್ಲಿ ಆರು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಸಾಕಿದ್ದರು. ಅವುಗಳ ಆಹಾರ ತೊಗರಿಹೊಟ್ಟಿನ ಗಂಜಿ. ಬೇಳೆ ಗಿರಣಿಗಳ ಊರಿನಲ್ಲಿ ಅದಕ್ಕೇನು ಬರ? ಅವುಗಳಿಗೆ ಬೇಕಾದ ಕಾವು ಸಿಮೆಂಟು ಸುಡುವ ಗೂಡಿನಿಂದ ಪುಕ್ಕಟೆ ಬರುತ್ತಿತ್ತು. ಗೂಡಿನ ಬಿಸಿ ಕೊಳವೆಗಳಲ್ಲಿ ಹರಿದು ಬಂದು ತೊಟ್ಟಿಗಳನ್ನು ಎಪ್ಪತ್ತೆಂಟು ಡಿಗ್ರಿಯಲ್ಲಿ ಇಡುತ್ತಿತ್ತು. ಅವು ಹೊಟ್ಟು ತಿಂದು ಜಲಜನಕ ಬಿಡುತ್ತಿದ್ದವು, ಊರು ಅದರಲ್ಲಿ ಬೇಯಿಸಿ ಉಣ್ಣುತ್ತಿತ್ತು.

ತೊಟ್ಟಿಗಳನ್ನು ನೋಡಿಕೊಳ್ಳುವವನು ಭೀಮಶಾ. ವಯಸ್ಸು ಐವತ್ತೆಂಟು. ಪ್ರಾಯದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟುತ್ತಿದ್ದ ಗೌಂಡಿ. ಸೆಗಣಿಯ ವಾಸನೆ ನೋಡಿ ಇವತ್ತು ಗ್ಯಾಸು ಎಷ್ಟು ಬರುತ್ತದೆಂದು ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಅದನ್ನು ಕೇಳಿಯೇ ಡಾಕ್ಟರ್ ಇಂದುಮತಿ ಅವನನ್ನು ಕರೆಸಿ ಕೆಲಸಕ್ಕಿಟ್ಟುಕೊಂಡಿದ್ದರು. ಆಕೆ ಮೈಸೂರಿನವರು, ಸೂಕ್ಷ್ಮಜೀವಿ ವಿಜ್ಞಾನಿ. ಮೊದಲ ದಿನವೇ ಅವನನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಪಾಠ ಹೇಳಿದ್ದರು.

"ಭೀಮಶಾ ಅವರೇ, ನಮ್ಮ ಕೈ ಇಟ್ಟರೆ ಬೊಬ್ಬೆ ಬರುತ್ತೆ, ಇವಕ್ಕೆ ಅದೇ ಹಿತ. ಎಪ್ಪತ್ತಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ. ತಂಪಾದರೆ ಬೇರೆ ಜೀವಗಳು ಬಂದು ಸೇರ್ಕೊಳ್ತವೆ. ಅವಕ್ಕೆ ಜಲಜನಕವೇ ಊಟ."

"ಅಂದ್ರ ಹಾಲಿನ್ಯಾಗ ಬ್ಯಾರೆ ಹೆಪ್ಪು ಬಿದ್ದಂಗ್ರಿ?"

"ಹೆಚ್ಚುಕಡಿಮೆ ಹಾಗೇ ಅಂತ ಇಟ್ಕೊಳ್ಳಿ," ಎಂದು ಆಕೆ ನಕ್ಕಿದ್ದರು.

ಆ 'ಹೆಚ್ಚುಕಡಿಮೆ'ಯೊಳಗೆ ಏನೇನಿದೆ ಎಂದು ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಭೀಮಶಾ ಹೆಪ್ಪು ಎಂಬ ಮಾತನ್ನು ಹಿಡಿದುಕೊಂಡ. ಹೆಪ್ಪಿನ ವಿಷಯ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊರಗಿನದ್ದೇನನ್ನೂ ತೊಟ್ಟಿಗೆ ಹಾಕುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದ, ಏಳು ವರ್ಷ ಹಾಕಲೂ ಇಲ್ಲ.

ಎಂಟನೇ ವರ್ಷದ ಚಳಿಗಾಲದಲ್ಲಿ ಸಿಮೆಂಟು ಗೂಡಿನ ಒಳಗಿನ ಇಟ್ಟಿಗೆ ಉದುರಿತು. ಗೂಡು ಆರಿಸಿ ದುರಸ್ತಿ ಮಾಡಬೇಕು, ಮೂರು ವಾರ ಹಿಡಿಯುತ್ತದೆ ಎಂದರು. ಭೀಮಶಾನ ಮಗಳು ಜಗದೇವಿ ಹೆತ್ತು ಆಗ ಎರಡು ದಿನವಾಗಿತ್ತು. ಚೊಚ್ಚಲು ಬಾಣಂತನ, ಹೆಣ್ಣುಕೂಸು.

ನಮ್ಮ ಕಡೆ ಬಾಣಂತಿಗೆ ಕಾವು ಕೊಡುವ ಪದ್ಧತಿ ಎಲ್ಲರಿಗೂ ಗೊತ್ತು. ಮೂಲೆಯ ಕೋಣೆ, ಹಗ್ಗದ ಹೊರಸು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ. ಹಿಂದೆ ಕುಳ್ಳಿನ ಕೆಂಡ ಹಾಕುತ್ತಿದ್ದರು, ತಾಯಿ ಮಗು ಇಬ್ಬರೂ ಹೊಗೆಯಲ್ಲಿ ಕೆಮ್ಮುತ್ತಿದ್ದರು, ಹೊಗೆ ಹೋಗಲಿ ಎಂದು ಒಂದು ಗವಾಕ್ಷಿಯನ್ನಾದರೂ ತೆರೆದಿಡುತ್ತಿದ್ದರು. ನೀರಿನ ಗ್ಯಾಸು ಬಂದ ಮೇಲೆ ಆ ತಾಪತ್ರಯವೂ ಹೋಯಿತು. ಹೊರಸಿನ ಕೆಳಗೆ ಒಂದು ಪುಟ್ಟ ಗ್ಯಾಸಿನ ಒಲೆ, ಸುತ್ತ ಮಣ್ಣಿನ ಕಟ್ಟೆ. ಬಾಗಿಲು ಮುಚ್ಚಿ ಅದರ ಬುಡಕ್ಕೆ ಹಳೆಯ ಸೀರೆ ತುರುಕಿದರೆ ಹುಳ ಕೂಡ ಒಳಗೆ ಬಾರದು. ಕೋಣೆ ಎಷ್ಟು ಬಿಗಿಯೋ ಬಾಣಂತನ ಅಷ್ಟು ಚಂದ ಎಂದು ಊರ ಮುದುಕಿಯರು ಹೊಸ ಶಾಸ್ತ್ರವನ್ನೇ ಕಟ್ಟಿದ್ದರು.

ಗೂಡು ಆರಿತು. ಕರೆಂಟಿನ ಹೀಟರು ಹಚ್ಚಿದರೂ ತೊಟ್ಟಿಗಳು ಅರವತ್ತೊಂದಕ್ಕೆ ಇಳಿದು ನಿಂತವು. ಬ್ಯಾಕ್ಟೀರಿಯಾಗಳು ಹೊಟ್ಟು ತಿನ್ನುವುದನ್ನು ಬಿಟ್ಟವು. ಕೊಳವೆಯಲ್ಲಿ ಒತ್ತಡ ದಿನದಿನಕ್ಕೆ ಕುಸಿಯಿತು. ತಾಯಿಯ ಆಪರೇಶನ್ನಿಗೆಂದು ಮೈಸೂರಿಗೆ ಹೋಗಿದ್ದ ಇಂದುಮತಿಯವರಿಗೆ ಭೀಮಶಾ ಫೋನು ಮಾಡಿದ.

"ಏನೂ ಮಾಡಬೇಡಿ," ಎಂದರು ಆಕೆ. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. "ಅವು ಮಲಗಿವೆ, ಮಲಗಲಿ. ಊರಿಗೆ ಹೋಗೋ ವಾಲ್ವ್ ಮುಚ್ಚಿಬಿಡಿ. ಗೂಡು ಹೊತ್ತಿಕೊಂಡ ಮೇಲೆ ತಾವೇ ಏಳ್ತವೆ."

ವಾಲ್ವ್ ಮುಚ್ಚಲು ಮ್ಯಾನೇಜರ್ ಮನ್ಸೂರ್ ಸಾಹೇಬರು ಒಪ್ಪಲಿಲ್ಲ. "ಮುಚ್ಚಿದ್ರ ಮಂದಿ ಬಂದು ನನ್ನ ಅಂಗಿ ಹಿಡೀತಾರ ಭೀಮಶಾ. ಬಂದಷ್ಟು ಬರ್ಲಿ, ಸಣ್ಣಗ ಬಿಡ್ರಿ," ಎಂದರು. ಸಣ್ಣಗೆ ಬಿಟ್ಟರು.

ಮನೆಗೆ ಬಂದರೆ ಹೆಂಡತಿ ತಂಗೆಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಊರಿಗೆಲ್ಲ ಬೆಂಕಿ ಕೊಡೂ ಮನಶ್ಯಾನ ಮನ್ಯಾಗ ಬಾಣಂತಿ ನಡಗ್ಲತ್ಯಾಳ. ಚಂದ ಅದ ನಿಮ್ಮ ನೌಕರಿ," ಎಂದಳು.

"ಕರೆಂಟಿನ ಸಿಗಡಿ ಹಚ್ಚಬೇಕಿಲ್ಲ?"

"ಊರ್ ಮಂದಿ ಎಲ್ಲಾ ಅದೇ ಹಚ್ಚ್ಯಾರ. ಕರೆಂಟ್ ಎಲ್ಲಿ ನಿಂದರ್ತದ?"

ಒಳಗಿನಿಂದ ಜಗದೇವಿ ಕೂಗಿದಳು. "ಯಪ್ಪಾ, ಕೆಳಗಿನ ಒಲಿ ಆರ್ಯದ ಏನ್ ನೋಡು. ಕೂಸಿನ ಕಾಲು ತಣ್ಣಗಾಗ್ಯಾವ."

ಭೀಮಶಾ ಮೊಣಕಾಲೂರಿ ಹೊರಸಿನ ಕೆಳಗೆ ಇಣುಕಿ ಉಪ್ಪು ಉದುರಿಸಿದ. ಹಳದಿ ಏಳಲಿಲ್ಲ. ತಲೆಯೆತ್ತಿದಾಗ ಕೂಸಿನ ಪಾದ ಅವನ ಕೆನ್ನೆಗೆ ತಗುಲಿತು. ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಅವನಿಗೆ ಅವಮಾನವಾಯಿತು.

ಗೋಬರ್ ಗ್ಯಾಸಿನ ಕಾಲದಲ್ಲಿ ಇಂಥದ್ದು ಎಷ್ಟು ಸಲ ನೋಡಿರಲಿಲ್ಲ ಅವನು? ಚಳಿಗೆ ಗುಂಡಿ ಮಂಕಾಗುತ್ತದೆ. ಆಗ ಚೆನ್ನಾಗಿ ನಡೆಯುವ ಇನ್ನೊಂದು ಗುಂಡಿಯಿಂದ ಎರಡು ಬಕೀಟು ಹಳೆಯ ರಾಡಿ ತಂದು ಸುರಿಯಬೇಕು. ನಾಲ್ಕು ದಿನದಲ್ಲಿ ಗುಂಡಿ ಗುಳುಗುಳು ಎನ್ನುತ್ತದೆ. ಮೊಸರು ಕೂಡದಿದ್ದರೆ ಮಗ್ಗುಲು ಮನೆಯ ಹೆಪ್ಪು ತರುವುದಿಲ್ಲವೇ, ಹಾಗೆ. ಮೂವತ್ತು ವರ್ಷ ಈ ಮದ್ದು ಒಂದು ಸಲವೂ ಅವನ ಕೈಬಿಟ್ಟಿರಲಿಲ್ಲ. ಮೇಡಂ ಹೇಳಿದ 'ಬೇರೆ ಜೀವಗಳು' ನೆನಪಾದವು. ಆದರೆ ಸೆಗಣಿ ಹೇಗೆ ಬೇರೆಯಾದೀತು? ಅದರಿಂದಲೂ ಉರಿಯುವ ಗ್ಯಾಸೇ ಅಲ್ಲವೇ ಬರುವುದು? ಒಬ್ಬನಿಗೆ ಬಂದ ವಿದ್ಯೆ ಅವನನ್ನು ಎಷ್ಟು ದೂರ ಒಯ್ಯುತ್ತದೋ ಅಷ್ಟೇ ದೂರದಲ್ಲಿ ಅವನನ್ನು ಗುಂಡಿಗೂ ಕೆಡವುತ್ತದೆ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಊರಾಚೆಯ ದನದ ಕೊಟ್ಟಿಗೆಗೆ ಹೋದ. ಅವನೇ ಕಟ್ಟಿದ ಹಳೆಯ ಗುಂಡಿ ಅಲ್ಲಿ ಇನ್ನೂ ನಡೆಯುತ್ತಿತ್ತು. ಎರಡು ಕ್ಯಾನು ರಾಡಿ ತಂದು, ಅರಿವೆಯಲ್ಲಿ ಸೋಸಿ, ನಾಲ್ಕನೇ ತೊಟ್ಟಿಗೆ ಸುರಿದ. ಕೈ ತೊಳೆದುಕೊಂಡು ತೊಟ್ಟಿಯನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಐದನೇ ದಿನಕ್ಕೆ ನಾಲ್ಕನೇ ತೊಟ್ಟಿಯ ಒತ್ತಡದ ಮುಳ್ಳು ಮೇಲೆದ್ದಿತು. ಅದರ ನೀರನ್ನೇ ಉಳಿದ ಐದಕ್ಕೂ ಹಂಚಿದ. ಎಂಟನೇ ದಿನಕ್ಕೆ ಊರಿನ ಕೊಳವೆ ಮೊದಲಿನಂತೆ ತುಂಬಿತು. ಗೂಡು ಇನ್ನೂ ತಣ್ಣಗಿದ್ದಾಗಲೇ ಗ್ಯಾಸು ಬಂತೆಂದರೆ ಮನ್ಸೂರ್ ಸಾಹೇಬರು ಬಿಡುತ್ತಾರೆಯೇ? ಅವನ ಬೆನ್ನು ತಟ್ಟಿ ಚಹಾ ತರಿಸಿದರು. "ಮೇಡಂ ಇಲ್ದಿದ್ರೂ ನಮ್ಮ ಭೀಮಶಾ ಅದಾನಲ್ಲಾ," ಎಂದರು. ಏನು ಮಾಡಿದೆ ಎಂದು ಕೇಳಲಿಲ್ಲ. ಕೊಳವೆಯೊಳಗೆ ಹೋಗುತ್ತಿರುವುದು ಯಾವ ಗ್ಯಾಸು ಎಂದು ತೋರಿಸುವ ಯಂತ್ರ ಇಂದುಮತಿಯವರ ಪ್ರಯೋಗಶಾಲೆಯಲ್ಲಿತ್ತು. ಅದಕ್ಕೆ ಬೀಗ ಹಾಕಿತ್ತು. ಆಕೆಯ ಕೈಕೆಳಗಿನ ಹುದ್ದೆ ಎರಡು ವರ್ಷದಿಂದ ಖಾಲಿ.

ತಂಗೆಮ್ಮ ಒಲೆ ಹಚ್ಚಿ ಗಂಡನನ್ನು ಕರೆದಳು. ಉಪ್ಪು ಹಾಕದೆಯೇ ಉರಿ ಕಾಣುತ್ತಿತ್ತು. ಬುಡದಲ್ಲಿ ನೀಲಿ, ತುದಿಯಲ್ಲಿ ಹಳದಿ, ಅಲ್ಲಾಡುವ ನಾಲಿಗೆಗಳು.

"ಈಗ ನೋಡ್ರಿ, ಬೆಂಕಿ ಬೆಂಕಿಯಂಗ ಅದ," ಎಂದಳು. ಏಳು ವರ್ಷದ ಮೇಲೆ ಅವಳು ಒಲೆಗೆ ಕುಂಕುಮವಿಟ್ಟು ಕೈಮುಗಿದಳು. ಓಣಿಯ ಹೆಂಗಸರೆಲ್ಲ ಅದನ್ನೇ ಮಾತಾಡಿಕೊಂಡರು. ಸರಕಾರ ಕೊನೆಗೂ ಕಾಣುವ ಬೆಂಕಿ ಕೊಟ್ಟಿತು ಎಂದು ಒಬ್ಬಿಬ್ಬರು ಸಕ್ಕರೆಯನ್ನೂ ಹಂಚಿದರು.

ಆಮೇಲಿನ ದಿನಗಳಲ್ಲಿ ಊರಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಅಡುಗೆ ಮಾಡಿದ ಹೆಂಗಸರು ಹಣೆಗೆ ಅರಿವೆ ಕಟ್ಟಿಕೊಂಡು ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದರು. ಗಾಳಿಗೆ ಕೂತರೆ ಕಡಿಮೆಯಾಗುತ್ತಿತ್ತು, ಒಳಗೆ ಹೋದರೆ ಮತ್ತೆ ಹಿಡಿಯುತ್ತಿತ್ತು. ಚಳಿ ಎಂದರು ಕೆಲವರು, ಶೀತ ಎಂದರು ಕೆಲವರು. ಜಗದೇವಿ ಹಗಲೆಲ್ಲ ಮಂಪರಿನಲ್ಲಿರುತ್ತಿದ್ದಳು. ಬಾಣಂತಿ ನಿದ್ದೆ ಮಾಡಿದಷ್ಟು ಒಳ್ಳೆಯದು ಎಂದು ತಂಗೆಮ್ಮ ಸಮಾಧಾನಪಟ್ಟಳು. ಕೂಸು ಎರಡು ಗುಟುಕು ಹಾಲು ಕುಡಿದು ಸುಸ್ತಾಗಿ ಬಿಡುತ್ತಿತ್ತು. ಯಾರದೋ ದೃಷ್ಟಿ ತಗುಲಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿತೆಗೆದು ಅದೇ ಒಲೆಗೆ ಹಾಕಿದರು. ಇಪ್ಪತ್ತೊಂದನೇ ದಿನಕ್ಕೆ ತೊಟ್ಟಿಲು, ಹೆಸರಿಡುವುದು. ಅದಕ್ಕೆ ಇನ್ನೆರಡು ದಿನ ಉಳಿದಿತ್ತು.

ಆ ದಿನ ಬೆಳಿಗ್ಗೆ ತಂಗೆಮ್ಮ ಹಿತ್ತಲಲ್ಲಿ ನೀರು ಕಾಯಿಸುವ ಹಂಡೆಯನ್ನು ತಿಕ್ಕುತ್ತಿದ್ದಳು.

"ಮಸಿ ಹಿಡದದ ನೋಡ್ರಿ. ಮಸಿ ತಿಕ್ಕೂದೇ ಮರತಿತ್ತು ನನಗ," ಎಂದಳು.

ಭೀಮಶಾ ಹಂಡೆಯ ತಳಕ್ಕೆ ಬೆರಳು ಒತ್ತಿ ನೋಡಿದ. ಬೆರಳು ಕಪ್ಪಾಯಿತು. ನೀರಿನ ಗ್ಯಾಸಿಗೆ ಮಸಿ ಎಲ್ಲಿಯದು? ಆದರೆ ಡ್ಯೂಟಿಗೆ ಹೊತ್ತಾಗಿತ್ತು. ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹೊರಟ.

ಇಂದುಮತಿ ಅಂದೇ ಬೆಳಿಗ್ಗೆ ಮೈಸೂರಿನಿಂದ ಬಂದಿಳಿದಿದ್ದರು. ಮನ್ಸೂರ್ ಸಾಹೇಬರು ಗೇಟಿನಲ್ಲೇ ವರದಿ ಒಪ್ಪಿಸಿದ್ದರು, ಗೂಡು ಆರಿದ್ದರೂ ಗ್ಯಾಸು ನಿಲ್ಲಲಿಲ್ಲ ಎಂದು. ಆಕೆಯ ಮುಖದಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚಿತ್ತು. ನೇರ ಪ್ರಯೋಗಶಾಲೆಗೆ ಹೋಗಿ ಬೀಗ ತೆಗೆದು, ಮಾದರಿ ಹಿಡಿದು ಯಂತ್ರಕ್ಕೆ ಕೊಟ್ಟರು. ಪರದೆಯ ಮೇಲೆ ಬಂದ ಅಂಕಿಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಜಲಜನಕ ನೂರಕ್ಕೆ ಆರು. ಮಿಕ್ಕಿದ್ದೆಲ್ಲ ಮೀಥೇನ್," ಎಂದರು. "ಇದು ಹೇಗೆ ಸಾಧ್ಯ? ಭೀಮಶಾ ಅವರೇ, ತೊಟ್ಟಿಗೆ ಹೊರಗಿನದೇನಾದ್ರೂ ಹಾಕಿದ್ರಾ?"

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಬಾಗಿಲಲ್ಲಿ ಮನ್ಸೂರ್ ಸಾಹೇಬರು ನಿಂತಿದ್ದರು. ಒಂದು ವಾರದಿಂದ ಊರು ಅವನಿಗೆ ನಮಸ್ಕಾರ ಹಾಕುತ್ತಿತ್ತು. ಏಳು ವರ್ಷದ ಹಿಂದೆ ಸಹಿ ಮಾಡಿದ ಕಾಗದ ಅದೇ ಕಪಾಟಿನಲ್ಲಿತ್ತು. ಬೆರಳ ಸಂದಿಯಲ್ಲಿ ಮಸಿ ಇನ್ನೂ ಉಳಿದಿತ್ತು, ಅವನು ಮುಷ್ಟಿ ಕಟ್ಟಿಕೊಂಡ.

"ನಾ ಏನೂ ಹಾಕಿಲ್ರೀ," ಎಂದ.

ಏಳು ವರ್ಷದಲ್ಲಿ ಅವನು ಆಕೆಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅದಕ್ಕೇ ಆಕೆ ನಂಬಿದರು. ಮನುಷ್ಯ ಸುಳ್ಳು ಹೇಳದಿದ್ದರೆ ಯಂತ್ರವೇ ಹೇಳುತ್ತಿರಬೇಕು.

"ಹಾಗಾದ್ರೆ ಇದೇ ಕೆಟ್ಟಿರಬೇಕು. ಮೂರು ವಾರ ಬಂದ್ ಇತ್ತಲ್ಲ," ಎಂದರು.

ಯಂತ್ರವನ್ನು ಮೊದಲಿನಿಂದ ಹೊಂದಿಸತೊಡಗಿದರು. ಉಗ್ರಾಣದಿಂದ ಅಳತೆಯ ಸಿಲಿಂಡರು ತರಿಸಿದರು. ಶುದ್ಧ ಜಲಜನಕ ಕೊಟ್ಟು ನೋಡಿದರು, ಶುದ್ಧ ಗಾಳಿ ಕೊಟ್ಟು ನೋಡಿದರು. ಭೀಮಶಾ ಪಕ್ಕದಲ್ಲೇ ನಿಂತು ಸ್ಪ್ಯಾನರು ಹಿಡಿದು ಸಹಾಯ ಮಾಡಿದ. ಒಂದು ತಾಸು ಹಿಡಿಯಿತು. ನಡುವೆ ಕಾರ್ಖಾನೆಯ ಹನ್ನೆರಡು ಗಂಟೆಯ ಸೈರನ್ನು, ಊರಿನವರ ಬಾಯಲ್ಲಿ ಭೋಂಗಾ, ಕೂಗಿ ನಿಂತಿತು. ಯಂತ್ರ ಸರಿಯಾಗಿಯೇ ಇತ್ತು. ಮಾದರಿಯನ್ನು ಮತ್ತೆ ಕೊಟ್ಟಾಗ ಅವೇ ಅಂಕಿಗಳು ಬಂದವು.

ಇಂದುಮತಿ ಕುರ್ಚಿ ಎಳೆದುಕೊಂಡು ಕುಳಿತರು. ತಮಗೆ ತಾವೇ ಎಂಬಂತೆ ಮಾತಾಡಿದರು. "ಮೀಥೇನ್ ಮಾಡೋ ಜೀವಗಳು ಸೇರ್ಕೊಂಡಿವೆ. ಜಲಜನಕವನ್ನೆಲ್ಲ ಅವೇ ತಿಂತಿವೆ. ಇದು ಊರಿಗೆ ಹೋಗಿದೆ ಅಂದ್ರೆ... ನಮ್ಮ ಒಲೆಗಳು ಇದಕ್ಕೆ ಮಾಡಿದ್ದಲ್ಲ. ಜಲಜನಕಕ್ಕೆ ಒಂದು ಪಾಲಿಗೆ ಎರಡೂವರೆ ಪಾಲು ಗಾಳಿ ಸಾಕು. ಇದಕ್ಕೆ ಹತ್ತು ಪಾಲು ಬೇಕು. ಅಷ್ಟು ಗಾಳಿ ಎಳೆಯೋಕೆ ಅವಕ್ಕೆ ಬಾಯೇ ಇಲ್ಲ. ಅರೆಬರೆ ಉರಿಯುತ್ತೆ."

"ಅರೆಬರೆ ಉರದ್ರ ಏನಾಗ್ತದ್ರಿ?"

"ಇಂಗಾಲದ ವಿಷ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅಡುಗೆಮನೆ ಗೋಡೆ ಮೇಲಿನ ಡಬ್ಬಿ ಜಲಜನಕ ಸೋರಿದ್ರೆ ಮಾತ್ರ ಕೂಗುತ್ತೆ, ಇದಕ್ಕೆ ಕೂಗಲ್ಲ. ತಲೆನೋವು ಬರುತ್ತೆ, ಮಂಪರು ಬರುತ್ತೆ. ಬಾಗಿಲು ಮುಚ್ಚಿದ ಕೋಣೆಯಾದ್ರೆ..."

ಆಕೆ ಮಾತು ಮುಗಿಸುವ ಮೊದಲೇ ಸ್ಪ್ಯಾನರು ಭೀಮಶಾನ ಕೈಯಿಂದ ಜಾರಿ ಫರ್ಸಿಯ ಮೇಲೆ ಬಿತ್ತು.

"ಗೋಬರ್ ಗ್ಯಾಸಿನ ರಾಡಿ ಹಾಕೀನ್ರೀ ಮೇಡಂ. ನಾನೇ ಹಾಕೀನಿ. ವಾಲ್ವ್ ಬಂದ್ ಮಾಡಸ್ರೀ, ನನ್ನ ಮಗಳು ಬಾಣಂತಿ ಕೋಣ್ಯಾಗ ಅದಾಳ."

ಗಡಿಯಾರದಲ್ಲಿ ಹನ್ನೆರಡೂವರೆ. ಇಂದುಮತಿ ಒಂದು ಕ್ಷಣ ಅವನ ಮುಖ ನೋಡಿದರು, ಆಮೇಲೆ ವಾಲ್ವಿನ ಕಡೆಗೆ ಓಡಿದರು. ಭೀಮಶಾ ಮನ್ಸೂರ್ ಸಾಹೇಬರ ಜೀಪು ಹತ್ತಿದ. ದಾರಿಯಲ್ಲಿ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬಾಗ್ಲಾ ತೆಗೀರಿ, ಒಲಿ ಆರಸ್ರಿ" ಎಂದು ಕೂಗುತ್ತಾ ಹೋದ. ಜನ ಅವನಿಗೆ ಏನೋ ಆಗಿದೆ ಎಂದು ನೋಡುತ್ತಾ ನಿಂತರು.

ತಂಗೆಮ್ಮ ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. ತೋಳು ಹಿಡಿದು ಎಳೆದಾಗ ನರಳಿದಳು. ಬಾಣಂತಿ ಕೋಣೆಯ ಬಾಗಿಲ ಬುಡದಲ್ಲಿ ತುರುಕಿದ್ದ ಸೀರೆ ಒದ್ದೆಯಾಗಿ ಬಿಗಿದಿತ್ತು. ಭೀಮಶಾ ಹೆಗಲು ಕೊಟ್ಟು ನೂಕಿದ. ಹೊರಸಿನ ಕೆಳಗೆ ಹಳದಿ ಉರಿ ತಣ್ಣಗೆ ಅಲ್ಲಾಡುತ್ತಿತ್ತು. ಮೊದಲು ಮಗಳನ್ನು ಅಂಗಳಕ್ಕೆ ಎಳೆದು ಹಾಕಿದ, ಅವಳ ಎದೆ ಏರಿಳಿಯುತ್ತಿತ್ತು. ತಿರುಗಿ ಹೋಗಿ ಕೂಸನ್ನು ಎತ್ತಿಕೊಂಡ. ಕೂಸಿನ ಕೆನ್ನೆ ಕೆಂಪಗೆ, ಚೆನ್ನಾಗಿ ಉಂಡು ಮಲಗಿದ ಮಗುವಿನಂತಿತ್ತು. ಪಾದ ಬೆಚ್ಚಗಿತ್ತು. ಅಷ್ಟು ಬೆಚ್ಚಗಿದ್ದ ಪಾದ ಹಿಡಿದುಕೊಂಡೇ ಅವನು ಜೀಪಿನಲ್ಲಿ ಆಸ್ಪತ್ರೆಯವರೆಗೂ ಹೋದ. ಅಲ್ಲಿ ಡಾಕ್ಟರು ಕೂಸನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಜೀವ ಹೋಗಿ ಸ್ವಲ್ಪ ಹೊತ್ತಾಗಿದೆ ಎಂದರು.

ಊರಿನ ನಲವತ್ತು ಮಂದಿ ಆಸ್ಪತ್ರೆ ಸೇರಿದರು, ಎಲ್ಲರೂ ಉಳಿದರು. ಹೋದದ್ದು ಒಂದೇ ಜೀವ. ಕಾಗದಗಳಲ್ಲಿ ಅದನ್ನು 'ಹೆಸರಿಡದ ಹೆಣ್ಣು ಶಿಶು' ಎಂದು ಬರೆದುಕೊಂಡರು.

ಊರ ಬಾಯಿಗೆ ಮುಚ್ಚಳ ಹಾಕಲಾದೀತೇ? ವಿಚಾರಣೆ ಮುಗಿಯುವ ಮೊದಲೇ ಊರು ತೀರ್ಪು ಕೊಟ್ಟಿತ್ತು. ಉಳಿದ ಮನೆಗಳಲ್ಲಿ ಯಾರ ಜೀವವೂ ಹೋಗಲಿಲ್ಲ, ಆ ಬಾಣಂತಿ ಮಾತ್ರ ಒಲೆಯನ್ನು ಮಿತಿಮೀರಿ ಜೋರು ಮಾಡಿಕೊಂಡಿದ್ದಳಂತೆ ಎಂದರು. ಆ ಮಾತು ಗೋಡೆ ಹಾರಿ ಮನೆಯೊಳಗೂ ಬಂತು. ಜಗದೇವಿ ಅದನ್ನು ನಂಬಿದಳು. ಗಂಡ ಬಂದು ಎರಡು ದಿನ ಇದ್ದು, ಒಂದು ಮಾತೂ ಆಡದೆ ಹೋದ ಮೇಲೆ ಇನ್ನಷ್ಟು ನಂಬಿದಳು.

ಎರಡು ವಾರ ಕಳೆದ ಮೇಲೆ ಇಂದುಮತಿ ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಬಳಿ ನಿಂತೇ ಮಾತಾಡಿದರು.

"ವರದಿ ಬರೆದಿದ್ದೀನಿ. ರಾಡಿ ವಿಷಯ ಬರೆಯಲೇಬೇಕು. ಪರೀಕ್ಷೆ ಮಾಡೋ ಯಂತ್ರಕ್ಕೆ ಬೀಗ ಹಾಕಿ ಹೋದದ್ದು ನನ್ನ ತಪ್ಪು, ಅದನ್ನೂ ಬರೆದಿದ್ದೀನಿ. ಸೋಮವಾರ ಕಳಿಸ್ತೀನಿ. ಪೇಪರಿನಲ್ಲಿ ಓದೋ ಮೊದಲು ನಿಮ್ಮ ಮಗಳಿಗೆ ನೀವೇ ಹೇಳಿ."

"ಆ ಒಂದು ತಾಸಿನ ಮಾತು?"

ಇಂದುಮತಿ ನೆಲ ನೋಡಿದರು. "ಅದನ್ನ ಬರೆದಿಲ್ಲ. ಅದು ನಿಮಗೂ ನನಗೂ ಮಾತ್ರ ಗೊತ್ತು," ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಜಗದೇವಿ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕುಳಿತಿದ್ದಳು. ಎದೆಹಾಲು ಬತ್ತಲೆಂದು ತಂಗೆಮ್ಮ ಅವಳ ಎದೆಗೆ ಅರಿವೆ ಬಿಗಿದು ಕಟ್ಟಿದ್ದಳು. ಆದರೂ ರವಿಕೆ ಒದ್ದೆಯಾಗುತ್ತಿತ್ತು. ಭೀಮಶಾ ಬಂದು ಕೆಳಗೆ ಫರ್ಸಿಯ ಮೇಲೆ ಕುಳಿತ.

"ಒಲಿ ಜೋರ್ ಮಾಡಂತ ಅವ್ವಗ ನಾನೇ ಹೇಳಿದ್ದೆ ಯಪ್ಪಾ," ಎಂದಳು ಅವಳು. ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದಳು. "ನನಗ ಚಳಿ ಅಂತ ಹೇಳಿ ಕೂಸಿನ ಕಳ್ಕೊಂಡೆ."

"ನಿಂದೇನೂ ತಪ್ಪಿಲ್ಲವ್ವಾ. ತಪ್ಪು ನಂದದ."

ಅವನು ಹೇಳತೊಡಗಿದ. ಗ್ಯಾಸು ಇಳಿದದ್ದು, ಕೂಸಿನ ತಣ್ಣಗಿನ ಪಾದ ಕೆನ್ನೆಗೆ ತಗುಲಿದ್ದು, ಮೇಡಂ ಬೇಡವೆಂದದ್ದು, ರಾಡಿ ತಂದು ಸುರಿದದ್ದು, ಅದರಿಂದ ಗ್ಯಾಸು ಬದಲಾದದ್ದು. ಒಂದನ್ನೂ ಬಿಡದೆ ಹೇಳಿದ. ಹೇಳುವಾಗ ಮಗಳ ಮುಖ ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಜಗದೇವಿ ಕೈ ಚಾಚಿ ಅವನ ಹೆಗಲ ಮೇಲೆ ಇಟ್ಟಳು.

"ನಮ್ ಸಲೇಕೇ ಮಾಡಿದ್ದಲ್ಲೇನಪ್ಪಾ ನೀ. ಕೂಸಿಗಿ ಚಳಿ ಆಗ್ಬಾರ್ದು ಅಂತ ಮಾಡ್ದಿ. ಹಿಂಗ ಆಗ್ತದಂತ ನಿನಗೇನ್ ಗೊತ್ತಿತ್ತು?"

ಭೀಮಶಾ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಗಳ ಕೈ ಹೆಗಲ ಮೇಲಿತ್ತು, ವರದಿಯಲ್ಲಿ ಉಳಿದದ್ದು ಇರಲಿಲ್ಲ, ಇಂದುಮತಿಯವರು ಯಾರಿಗೂ ಹೇಳುವವರಲ್ಲ. ಆದರೆ ಆ ಕೈಯ ಭಾರ ಅವನಿಗೆ ತಡೆಯಲಾಗಲಿಲ್ಲ. ತನ್ನದಲ್ಲದ ಕ್ಷಮೆಯನ್ನು ಹೊತ್ತುಕೊಂಡು ಎಷ್ಟು ದಿನ ಅವಳ ಮುಂದೆ ಓಡಾಡುವುದು?

"ಇನ್ನೊಂದದ," ಎಂದ. "ಮೇಡಂ ಅವತ್ತು ನನಗ ಕೇಳಿದ್ರು, ತೊಟ್ಟಿಗಿ ಏನರೆ ಹಾಕಿದ್ದ್ಯಾ ಅಂತ. ಹನ್ನೊಂದೂವರಿಗಿ ಕೇಳಿದ್ರು. ನಾ ಇಲ್ಲ ಅಂದೆ. ಅವರು ನನ್ನ ಮಾತು ನಂಬಿ ಮಷೀನ್ ರಿಪೇರಿ ಮಾಡ್ಕೋತ ಕುಂತ್ರು. ಹನ್ನೆರಡೂವರಿಗಿ ಹೌದು ಅಂದೆ."

"ಯಾಕ ಇಲ್ಲ ಅಂದಿ?"

"ನಾಚ್ಕಿ ಆಯ್ತವ್ವಾ."

ಹೆಗಲ ಮೇಲಿನ ಕೈ ಹಾಗೆಯೇ ಇತ್ತು. ಅವಳು ಏನನ್ನೋ ನೆನಪಿಸಿಕೊಳ್ಳುತ್ತಿದ್ದಳು. ವಿಷ ಕುಡಿದ ತಲೆಗೆ ಆ ದಿನದ ನೆನಪುಗಳು ಒಂದೊಂದಾಗಿ, ತಡವಾಗಿ ಬರುತ್ತಿದ್ದವು.

"ಕಾರ್ಖಾನಿದು ಹನ್ನೆರಡರ ಭೋಂಗಾ ಆದಾಗ ಕೂಸು ಎದ್ದಿತ್ತಪ್ಪಾ," ಎಂದಳು ನಿಧಾನವಾಗಿ. "ಭೋಂಗಾ ಕೇಳ್ಸ್ತು ನನಗ. ಕಣ್ಣು ತೆರೀಲಿಕ್ಕೆ ಆಗ್ಲಿಲ್ಲ. ಅದೇ ತಡಕಾಡಿ ಬಾಯಿ ಹಚ್ಚಿ ಹಾಲು ಕುಡೀತು."

ಭೀಮಶಾ ತಲೆಯೆತ್ತಿದ. ಜಗದೇವಿ ಅವನ ಹೆಗಲಿನಿಂದ ಕೈ ತೆಗೆದು, ಒದ್ದೆಯಾದ ರವಿಕೆಯ ಮೇಲೆ ಸೆರಗು ಎಳೆದುಕೊಂಡು, ಎದ್ದು ಒಳಗೆ ಹೋದಳು.